ಹಿಮದ ದಾರಿಯಲ್ಲಿ ಫೋರ್-ಬೈ-ಫೋರ್: ಮೊದಲ ಸಲ ಓಡಿಸುವವರಿಗೆ

ಬೆಂಗಳೂರಿನಿಂದ ನಿಮ್ಮದೇ ಥಾರ್‌ನಲ್ಲೋ ಜಿಮ್ನಿಯಲ್ಲೋ ಮನಾಲಿ ತಲುಪಿದ್ದೀರಿ. ಬೆಳಿಗ್ಗೆ ಎದ್ದು ನೋಡಿದರೆ ಗಾಡಿಯ ಮೇಲೆ ಗೇಣುದ್ದ ಹಿಮ. ಸೋಲಾಂಗ್ ಮೇಲೆ ಹಾದು, ಅಟಲ್ ಸುರಂಗದ ಆಚೆ ಸಿಸ್ಸುಗೆ ಹೋಗುವ ಆಸೆ, ಜೊತೆಗೆ ಒಳಗೊಳಗೇ ಅಳುಕು. ಭಯಪಡಬೇಡಿ. ಒಂದು ಮಾತು ಮಾತ್ರ ಮೊದಲೇ ಗಟ್ಟಿಯಾಗಿ ಹಿಡಿದುಕೊಳ್ಳಿ: ಫೋರ್-ಬೈ-ಫೋರ್ ನಿಮ್ಮನ್ನು ಹೊರಡಿಸುತ್ತದೆ, ನಿಲ್ಲಿಸುವುದಿಲ್ಲ. ನಿಲ್ಲಿಸುವುದು ಟೈರಿನ ಹಿಡಿತ. ಐಸ್ ಮೇಲೆ ಆ ಹಿಡಿತ ನಿಮಗೂ ಅಷ್ಟೇ, ಪಕ್ಕದ ಸಣ್ಣ ಕಾರಿಗೂ ಅಷ್ಟೇ.

ಸಕಲೇಶಪುರದ ಕೆಸರಿನಲ್ಲಿ ಓಡಿಸಿ ಕಲಿತವರಿಗೆ ಇನ್ನೊಂದು ಮಾತು. ಕೆಸರಲ್ಲಿ ಆಕ್ಸಿಲರೇಟರ್ ಒತ್ತಿ ರಭಸದಲ್ಲಿ ದಾಟುತ್ತೇವಲ್ಲ, ಅದನ್ನು ಇಲ್ಲಿ ಪೂರ್ತಿ ಮರೆಯಿರಿ. ಮಳೆಗಾಲದಲ್ಲಿ ಮಲೆನಾಡಿನ ಸಂಕ ದಾಟುವಾಗ ಹೇಗೆ ಕಾಲಿಡುತ್ತೀರಿ? ಒತ್ತಿ ತುಳಿಯುವುದಿಲ್ಲ, ಗಕ್ಕನೆ ತಿರುಗುವುದಿಲ್ಲ. ಇಲ್ಲಿ ಗಾಡಿಯನ್ನೂ ಹಾಗೇ ನಡೆಸಬೇಕು.

1. ಊರಲ್ಲೇ ಕೂಲೆಂಟ್ ನೋಡಿಸಿ. ನಮ್ಮಲ್ಲಿ ರೇಡಿಯೇಟರ್‌ಗೆ ನಲ್ಲಿ ನೀರು ಸುರಿಯುವ ಅಭ್ಯಾಸವಿದೆ. ಬೆಂಗಳೂರಲ್ಲಿ ನಡೆಯುತ್ತದೆ, ಮೈನಸ್ 10 ಡಿಗ್ರಿಯಲ್ಲಿ ಆ ನೀರು ಹೆಪ್ಪುಗಟ್ಟಿ ಎಂಜಿನ್ನನ್ನೇ ಬಿರಿಯಿಸಬಹುದು. ಕೂಲೆಂಟ್ ಅರ್ಧ, ಡಿಸ್ಟಿಲ್ಡ್ ನೀರು ಅರ್ಧ ಇರಲಿ.

2. ಟೈರ್ ಗಾಳಿ ಮನಾಲಿಯಲ್ಲಿ ಮತ್ತೆ ನೋಡಿ. ಚಳಿಗೆ ಗಾಳಿಯ ಒತ್ತಡ ಇಳಿಯುತ್ತದೆ, ಸುಮಾರು 5-6 ಡಿಗ್ರಿಗೆ 1 ಪಿಎಸ್‌ಐನಷ್ಟು. ಕಂಪನಿ ಹೇಳಿದ ಮಟ್ಟಕ್ಕೆ ತುಂಬಿಸಿ. ಮರಳಲ್ಲಿ ಮಾಡುವಂತೆ ಐಸ್‌ಗೂ ಗಾಳಿ ಇಳಿಸಬೇಕು ಅಂತ ಯಾರಾದರೂ ಹೇಳಿದರೆ ಕೇಳಬೇಡಿ.

3. ಗಾಡಿ ಮೇಲಿನ ಹಿಮ ಪೂರ್ತಿ ತೆಗೆಯಿರಿ. ಟಾಪ್ ಮೇಲೂ ಬಿಡಬೇಡಿ, ಬ್ರೇಕ್ ಹಾಕಿದಾಗ ಅದೇ ಗಾಜಿನ ಮೇಲೆ ಜಾರಿ ಬೀಳುತ್ತದೆ. ಗಾಜಿಗೆ ಬಿಸಿನೀರು ಸುರಿದರೆ ಬಿರುಕು ಬಿಡಬಹುದು, ಜೋಕೆ. ಸ್ಟಾರ್ಟ್ ಮಾಡುವ ಮೊದಲು ಬಗ್ಗಿ ಸೈಲೆನ್ಸರ್ ಕೊಳವೆ ನೋಡಿ. ಅದು ಹಿಮದಲ್ಲಿ ಹೂತಿದ್ದರೆ ವಿಷದ ಹೊಗೆ ಗಾಡಿಯೊಳಗೇ ಬರುತ್ತದೆ.

4. ಹಿಮ ಶುರುವಾಗುವ ಕಡೆ 4ಎಚ್ (ನಾಲ್ಕೂ ಚಕ್ರ ಎಳೆಯುವ ಸ್ಥಿತಿ) ಹಾಕಿ. ಜಾರತೊಡಗಿದ ಮೇಲೆ ಅಲ್ಲ, ಮುಂಚೆಯೇ. ಥಾರ್‌ನಲ್ಲಿ ಹಿಂಬದಿ ಚಕ್ರ ಮಾತ್ರ ಎಳೆಯುವ ಮಾದರಿಯೂ ಇದೆ, ನಿಮ್ಮದು ಯಾವುದೆಂದು ತಿಳಿದುಕೊಂಡೇ ಹೊರಡಿ. ಹಿಮ ಹೆಚ್ಚಾದ ದಿನ ಪೊಲೀಸರು ಫೋರ್-ಬೈ-ಫೋರ್ ಗಾಡಿಗಳನ್ನು ಮಾತ್ರ ಮುಂದೆ ಬಿಡುವುದುಂಟು. ಬಿಟ್ಟರು ಅಂದಮಾತ್ರಕ್ಕೆ ದಾರಿ ಸಲೀಸು ಅಂದುಕೊಳ್ಳಬೇಡಿ.

5. ಎರಡನೇ ಗೇರ್‌ನಲ್ಲಿ ಹೊರಡಿ. ಮೊದಲ ಗೇರ್‌ನ ಜಗ್ಗುವಿಕೆಗೆ ಚಕ್ರ ನಿಂತಲ್ಲೇ ಸುತ್ತುತ್ತದೆ. ಸುತ್ತಿದಷ್ಟೂ ಕೆಳಗಿನ ಹಿಮ ಕರಗಿ, ನಯವಾಗಿ, ಇನ್ನಷ್ಟು ಜಾರುತ್ತದೆ. ಕ್ಲಚ್ ನಿಧಾನವಾಗಿ ಬಿಡಿ.

6. ಖಾಲಿ ಜಾಗದಲ್ಲಿ ಬ್ರೇಕ್ ಒತ್ತಿ ನೋಡಿ. ಹಿಂದೆ ಮುಂದೆ ಯಾರೂ ಇಲ್ಲದ ಸಮತಟ್ಟಿನಲ್ಲಿ 15 ಕಿ.ಮೀ. ವೇಗದಲ್ಲಿ ಒಮ್ಮೆ ಒತ್ತಿ. ಪೆಡಲ್ ಕಾಲಡಿ ಗಡಗಡ ಅಂದರೆ ಹೆದರಬೇಡಿ, ಅದು ಎಬಿಎಸ್ ಕೆಲಸ ಮಾಡುವ ರೀತಿ. ಕಾಲು ತೆಗೆಯಬೇಡಿ. ಗಾಡಿ ನಿಲ್ಲಲು ಎಷ್ಟು ದೂರ ಹಿಡಿಯಿತು ನೋಡಿ. ಐಸ್ ಮೇಲೆ ಅದು ಒಣ ರಸ್ತೆಯ ಹತ್ತು ಪಟ್ಟಾದರೂ ಆದೀತು. ಮುಂದಿನ ಗಾಡಿಗೆ ಬಿಡಬೇಕಾದ ಅಂತರವೂ ಅದೇ ಲೆಕ್ಕದಲ್ಲಿ.

7. ಸುರಂಗದೊಳಗೆ 2ಎಚ್‌ಗೆ, ಅಂದರೆ ಎರಡೇ ಚಕ್ರ ಎಳೆಯುವ ಸ್ಥಿತಿಗೆ, ಬನ್ನಿ. ಒಳಗೆ 9.02 ಕಿ.ಮೀ. ಒಣ ರಸ್ತೆ. ಥಾರ್, ಜಿಮ್ನಿಯಂಥ ಗಾಡಿಗಳನ್ನು ಒಣ ಟಾರಿನಲ್ಲಿ 4ಎಚ್‌ನಲ್ಲೇ ಓಡಿಸಿದರೆ ಹಲ್ಲುಚಕ್ರಗಳು ಬಿಗಿದು ಸವೆಯುತ್ತವೆ. ಆಚೆ ಬಾಯಿ ಬರುವ ಮುಂಚೆ ಮತ್ತೆ 4ಎಚ್ ಹಾಕಿ. ಬಹಳ ಜನ ಮರೆಯುವುದು ಇಲ್ಲೇ. ಬೆಚ್ಚಗಿನ ಸುರಂಗದಿಂದ ಅದೇ ವೇಗದಲ್ಲಿ ಹೊರಬಿದ್ದರೆ ಚಕ್ರ ನೇರ ಐಸ್ ಮೇಲೆ. ಸುಮಾರು 3,070 ಮೀಟರ್ ಎತ್ತರ ಅದು. ಮನಾಲಿಯಲ್ಲಿ ನೀರಾಗಿದ್ದದ್ದು ಇಲ್ಲಿ ಗಾಜಾಗಿರುತ್ತದೆ.

8. ಇಳಿಯುವ ಮೊದಲು ಗೇರ್ ಇಳಿಸಿ. ಈ ಹಂತವನ್ನು ಎರಡು ಸಲ ಓದಿ. ಹತ್ತುವಾಗ ಎಲ್ಲರೂ ಹತ್ತುತ್ತಾರೆ, ಗುದ್ದುವುದು ಇಳಿಯುವಾಗ. ಸೋಲಾಂಗ್ ಹತ್ತಿರ ಒಂದು ಗಾಡಿ ನಮ್ಮ ಕಣ್ಣೆದುರೇ ಜಾರಿತು. ಮನುಷ್ಯ ನಡೆಯುವಷ್ಟೇ ವೇಗ. ನಾಲ್ಕೂ ಚಕ್ರ ನಿಂತಿವೆ, ಒಂದೂ ತಿರುಗುತ್ತಿಲ್ಲ, ಗಾಡಿ ಮಾತ್ರ ಸದ್ದಿಲ್ಲದೆ ಕೆಳಗೆ ಬರುತ್ತಿದೆ. ಓಡಿಸುತ್ತಿದ್ದವರು ಸೀಟಿಗೆ ಬೆನ್ನು ಒತ್ತಿ ಬ್ರೇಕ್ ಮೇಲೆ ನಿಂತೇಬಿಟ್ಟಿದ್ದರು. ಪುಣ್ಯಕ್ಕೆ ಗುಡ್ಡದ ಬದಿಯ ಹಿಮದ ರಾಶಿ ಅದನ್ನು ತಡೆಯಿತು. ಸಹಾಯಕ್ಕೆ ಇಳಿದಾಗ ನನ್ನ ಬೂಟೂ ಜಾರಿತು. ಒದ್ದೆ ಟಾರು ಅಂದುಕೊಂಡದ್ದು ಬ್ಲ್ಯಾಕ್ ಐಸ್.

ಆದ್ದರಿಂದ ಇಳಿಜಾರಿನ ತಲೆಯಲ್ಲೇ ಪೂರ್ತಿ ನಿಲ್ಲಿಸಿ. ಕಡಿದಾಗಿದ್ದರೆ 4ಎಲ್ (ನಾಲ್ಕೂ ಚಕ್ರ ನಿಧಾನ ಗತಿಯಲ್ಲಿ ಎಳೆಯುವ ಸ್ಥಿತಿ) ಹಾಕಿ, ಎರಡನೇ ಗೇರ್‌ಗೆ ತನ್ನಿ, ಕ್ಲಚ್‌ನಿಂದ ಕಾಲು ತೆಗೆದು ಪಕ್ಕಕ್ಕಿಡಿ. ಎಂಜಿನ್ನೇ ಗಾಡಿಯನ್ನು ಹಿಡಿದಿಡುತ್ತದೆ. ಬ್ರೇಕ್ ಬೇಕೆನಿಸಿದರೆ ಮೆಲ್ಲಗೆ ಒತ್ತಿ ಬಿಡಿ. ಬರೀ ಐಸ್ ಇದ್ದರೆ 4ಎಲ್‌ನ ಮೊದಲ ಗೇರ್ ಬೇಡ. ಅಷ್ಟು ಬಲವಾದ ಹಿಡಿತಕ್ಕೆ ಚಕ್ರವೇ ಜಾರತೊಡಗಬಹುದು.

9. ಚೈನ್ ಕಟ್ಟುವುದಾದರೆ ಸಮತಟ್ಟಿನಲ್ಲಿ ಕಟ್ಟಿ. ಐಸ್ ಮೇಲೆ ಚೈನ್‌ಗೆ ಸಮನಾದದ್ದು ಇಲ್ಲ. ನಾಲ್ಕಕ್ಕೂ ಕಟ್ಟಿದರೆ ಉತ್ತಮ, ಒಂದೇ ಜೊತೆ ಇದ್ದರೆ ಯಾವ ಚಕ್ರಕ್ಕೆ ಎಂದು ಗಾಡಿಯ ಕೈಪಿಡಿಯಲ್ಲಿದೆ. ನೂರು ಮೀಟರ್ ಓಡಿಸಿ, ಇಳಿದು ಮತ್ತೆ ಬಿಗಿ ಮಾಡಿ. ವೇಗ 30 ಕಿ.ಮೀ. ದಾಟದಿರಲಿ.

10. ಜಾರಿದರೆ ಮೊದಲು ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ಕಣಿವೆಯನ್ನು ನೋಡಬೇಡಿ. ಹೋಗಬೇಕಾದ ಕಡೆ ನೋಡಿ, ಅತ್ತಲೇ ಸ್ಟಿಯರಿಂಗ್ ಸ್ವಲ್ಪ ತಿರುಗಿಸಿ. ಟೈರ್ ಮತ್ತೆ ಕಚ್ಚಿದ ಕ್ಷಣ ನೇರ ಮಾಡಿ.

11. ಮೂರು ಗಂಟೆಗೆಲ್ಲ ವಾಪಸ್ ಹೊರಡಿ. ಬಿಸಿಲು ಬೆಟ್ಟದ ಹಿಂದೆ ಸರಿದರೆ ಮಧ್ಯಾಹ್ನ ಕರಗಿದ ನೀರು ಮತ್ತೆ ಹೆಪ್ಪುಗಟ್ಟುತ್ತದೆ. ಸೇತುವೆ, ನೆರಳಿನ ತಿರುವು, ರಸ್ತೆಗೆ ಅಡ್ಡ ಹರಿಯುವ ನಾಲಾ, ಈ ಮೂರೂ ಕಡೆ ಮೊದಲು.

12. ರಾತ್ರಿ ಸಮತಟ್ಟಾದ ಜಾಗದಲ್ಲಿ, ಗೇರ್‌ನಲ್ಲಿ ನಿಲ್ಲಿಸಿ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬೆಳಿಗ್ಗೆ ಅದು ಹೆಪ್ಪುಗಟ್ಟಿ ಬಿಡದೇ ಇರಬಹುದು. ಬದಲಿಗೆ ಚಕ್ರಕ್ಕೆ ಕಲ್ಲು ಕೊಡಿ, ವೈಪರ್ ಎತ್ತಿಡಿ. ಬೆಳಿಗ್ಗೆ ಕಲ್ಲು ತೆಗೆಯುವುದನ್ನು ಮರೆಯಬೇಡಿ.