ಹೃದಯದಲ್ಲಿ ಗಂತಿ, ರಕ್ತದಲ್ಲಿ ಕುರುಹು

ಬಿಳಿಚಿದ ಮುಖ, ಬಿಡದೆ ಕಾಡುವ ಸಣ್ಣ ಜ್ವರ, ನಾಲ್ಕು ಹೆಜ್ಜೆ ನಡೆದರೆ ಏದುಸಿರು: ಇವು ಕಂಡೊಡನೆ ರಕ್ತಹೀನತೆಯೆಂದು ಬಗೆದು ಕಬ್ಬಿಣದ ಗುಳಿಗೆ ಕೊಡುವುದು ವಾಡಿಕೆ. ಬಹುಮಟ್ಟಿಗೆ ಅದು ಸರಿಯೇ. ಆದರೆ ತಿಂಗಳುಗಟ್ಟಲೆ ಗುಳಿಗೆ ನುಂಗಿದರೂ ರಕ್ತ ಏರದಿದ್ದರೆ ಕಾರಣವನ್ನು ಬೇರೆಡೆ ಅರಸಬೇಕು. ಅಪರೂಪಕ್ಕೆ ಆ ಕಾರಣ ಹೃದಯದೊಳಗೇ ಅಡಗಿರುವುದುಂಟು.

ಹೃದಯದಲ್ಲಿಯೇ ಹುಟ್ಟುವ ಗಂತಿಗಳು ಬಲು ವಿರಳ. ಹತ್ತು ಸಾವಿರ ಶವಪರೀಕ್ಷೆಗಳಲ್ಲಿ ಸುಮಾರು ಎರಡು ಕಂಡಾವು. ಅವುಗಳಲ್ಲಿ ಹೆಚ್ಚಿನವು ಏಡಿಗಂತಿಯ ಜಾತಿಯವಲ್ಲ. ವಯಸ್ಕರಲ್ಲಿ ಇವುಗಳ ಪೈಕಿ ಮುಖ್ಯವಾದುದು ಮಿಕ್ಸೋಮ. ಲೋಳೆಯಂತೆ ಮೆತ್ತಗಿರುವ ಈ ಗಂತಿ, ನಾಲ್ವರಲ್ಲಿ ಮೂವರಿಗೆ ಎಡ ಹೃತ್ಕರ್ಣದಲ್ಲಿ ಬೆಳೆಯುತ್ತದೆ. ಎರಡು ಹೃತ್ಕರ್ಣಗಳ ನಡುವಣ ಗೋಡೆಗೆ ಸಾಮಾನ್ಯವಾಗಿ ತೊಟ್ಟಿನಿಂದ ಅಂಟಿಕೊಂಡು ತೂಗಾಡುತ್ತದೆ.

ಕೃಷ್ಣೆಯ ನೀರಿನಿಂದ ಕಬ್ಬು ಬೆಳೆಯುವ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯ ವಿದ್ಯಾರ್ಥಿಗಳು ಇದರ ಪರಿಣಾಮವನ್ನು ಸುಲಭವಾಗಿ ಊಹಿಸಬಲ್ಲರು. ಕಾಲುವೆಯ ತೂಬಿನ ಬಾಯಿಗೆ ಹುಲ್ಲಿನ ಕಂತೆ ಬಂದು ಕುಳಿತರೆ ನೀರು ನಿಲ್ಲುತ್ತದೆ. ಸರಿದರೆ ಮತ್ತೆ ಹರಿಯುತ್ತದೆ. ಗಂತಿ ಮಿಟ್ರಲ್ ಕವಾಟದ ಬಾಯಿಗೆ ಬಿದ್ದಾಗಲೂ ಹೀಗೆಯೇ. ಆದುದರಿಂದ ರೋಗಿ ಮಗ್ಗುಲು ಬದಲಿಸಿದಂತೆ ಉಸಿರಾಟದ ತೊಂದರೆ ಹೆಚ್ಚುಕಡಿಮೆಯಾಗಬಹುದು. ಎದೆಯ ಸದ್ದಾದರೋ, ಕೀಲುವಾತಜ್ವರದಿಂದ ಕವಾಟ ಕಿರಿದಾದವರ ಸದ್ದನ್ನೇ ಹೋಲುತ್ತದೆ. ವೈದ್ಯರೂ ಮೋಸಹೋಗುವ ಸಂಭವವುಂಟು.

ಇನ್ನು ರಕ್ತದ ವಿಚಾರ. ಮಿಕ್ಸೋಮದ ಜೀವಕೋಶಗಳು ಇಂಟರ್‌ಲ್ಯೂಕಿನ್-6 ಎಂಬ ವಸ್ತುವನ್ನು ಸ್ರವಿಸಬಲ್ಲವು. ಅದರ ಪ್ರೇರಣೆಯಿಂದ ಯಕೃತ್ತು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ತಯಾರಿಸುತ್ತದೆ. ಇದು ಕರುಳಿನಿಂದ ಕಬ್ಬಿಣ ಒಳಬರುವುದನ್ನು ತಡೆಯುತ್ತದೆ; ದೇಹದ ಕಣಜದಲ್ಲಿರುವ ಕಬ್ಬಿಣಕ್ಕೂ ಬೀಗ ಹಾಕುತ್ತದೆ. ಗುಳಿಗೆ ಫಲಿಸದಿರುವುದಕ್ಕೆ ಇದೊಂದು ಕಾರಣ. ಜೊತೆಗೆ ಬಿಳಿಯ ರಕ್ತಕಣಗಳು ಹೆಚ್ಚಬಹುದು. ಪರೀಕ್ಷಾನಾಳದಲ್ಲಿ ಕೆಂಪು ಕಣಗಳು ಬೇಗನೆ ತಳಕ್ಕಿಳಿಯುತ್ತವೆ. ಕೆಲವರಲ್ಲಿ ಗಂತಿಯ ತಾಕಲಾಟಕ್ಕೆ ಕೆಂಪು ಕಣಗಳು ಒಡೆಯುತ್ತವೆ, ಕಿರುತಟ್ಟೆಗಳು ಕಡಿಮೆಯಾಗುತ್ತವೆ.

ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಬಲ ಹೃತ್ಕರ್ಣದಲ್ಲಿ ಗಂತಿ ಬೆಳೆದು ಅಲ್ಲಿ ಒತ್ತಡ ಏರಿದಾಗ, ನಡುಗೋಡೆಯಲ್ಲಿ ಕಂಡಿ ಉಳಿದಿದ್ದರೆ ಮಲಿನ ರಕ್ತ ಎಡಕ್ಕೆ ನುಗ್ಗುತ್ತದೆ. ಆಮ್ಲಜನಕದ ಈ ಕೊರತೆಯನ್ನು ತುಂಬಲು ಮಜ್ಜೆಯು ಕೆಂಪು ಕಣಗಳನ್ನು ಮಿತಿಮೀರಿ ಉತ್ಪಾದಿಸುತ್ತದೆ.

ನಿರಪಾಯದ ಗಂತಿಯೆಂದು ಉದಾಸೀನ ಮಾಡುವಂತಿಲ್ಲ. ಅದರ ತುಣುಕೊಂದು ಕಳಚಿ ಮಿದುಳಿನ ರಕ್ತನಾಳವನ್ನು ಮುಚ್ಚಿದರೆ ಲಕ್ವ ಹೊಡೆಯುತ್ತದೆ. ಅದೃಷ್ಟವಶಾತ್ ಶ್ರವಣಾತೀತ ಶಬ್ದತರಂಗಗಳಿಂದ ಹೃದಯವನ್ನು ನೋಡುವ ‘ಎಕೋ’ ಪರೀಕ್ಷೆ ನೋವಿಲ್ಲದೆ ಗಂತಿಯನ್ನು ತೋರಿಸಿಕೊಡುತ್ತದೆ. 1954ರಲ್ಲಿ ಸ್ವೀಡನ್ನಿನ ಕ್ಲಾರೆನ್ಸ್ ಕ್ರಾಫೂರ್ಡ್ ಅವರು ಹೃದಯ-ಶ್ವಾಸಕೋಶ ಯಂತ್ರದ ನೆರವಿನಿಂದ ಇಂಥ ಗಂತಿಯನ್ನು ಮೊದಲ ಬಾರಿಗೆ ಯಶಸ್ವಿಯಾಗಿ ತೆಗೆದರು. ಇಂದು ನಿಪ್ಪಾಣಿಯ ರೋಗಿಗೂ ಅಥಣಿಯ ರೋಗಿಗೂ ತೆರೆದ ಹೃದಯದ ಶಸ್ತ್ರಚಿಕಿತ್ಸೆ ಬೆಳಗಾವಿಯಲ್ಲಿಯೇ ದೊರೆಯುತ್ತದೆ. ಗಂತಿ ಹೋದ ಬಳಿಕ ರಕ್ತದ ದೋಷಗಳೂ ಸಾಮಾನ್ಯವಾಗಿ ತಾವಾಗಿಯೇ ಮಾಯವಾಗುತ್ತವೆ.

ರಕ್ತದಲ್ಲಿ ಕಂಡ ದೋಷವೆಲ್ಲ ರಕ್ತದಲ್ಲಿಯೇ ಹುಟ್ಟಿದ್ದಲ್ಲ ಎಂಬುದನ್ನು ಮರೆಯಬಾರದು. ಔಷಧ ಫಲಿಸದಾಗ ‘ಏಕೆ?’ ಎಂದು ಇನ್ನೊಮ್ಮೆ ಕೇಳಿದರೆ ಒಂದು ಜೀವ ಉಳಿದೀತು.