ಜೋಜಿ ಲಾ ದಾಟಿದ ವಿದ್ಯುತ್: ಶ್ರೀನಗರ–ಲೇಹ್ ಮಾರ್ಗ

ಸುಮಾರು 3,528 ಮೀಟರ್ ಎತ್ತರದ ಜೋಜಿ ಲಾ, ಕಾಶ್ಮೀರ ಕಣಿವೆಯನ್ನು ದ್ರಾಸ್‌ಗೆ ಜೋಡಿಸುತ್ತದೆ. ಚಳಿಗಾಲದಲ್ಲಿ ಹಿಮ ಬಿದ್ದು ರಸ್ತೆಯೇ ಮುಚ್ಚಿಹೋಗುವ ಈ ಜಾಗವನ್ನು 220 ಕಿಲೋವೋಲ್ಟ್ ತಂತಿ ದಾಟಿದೆ. ಅದಕ್ಕೂ ಮೊದಲು ಲಡಾಖ್‌ಗೆ ಡೀಸೆಲ್ ಜನರೇಟರ್ ಮತ್ತು ಸ್ಥಳೀಯ ಜಲವಿದ್ಯುತ್ತೇ ಗತಿ.

• ಉದ್ದ: ಸುಮಾರು 335 ಕಿ.ಮೀ.; ನಿರ್ಮಾಣ: ಪವರ್‌ಗ್ರಿಡ್
• ಶಂಕುಸ್ಥಾಪನೆ: 2014ರ ಆಗಸ್ಟ್ 12, ಲೋಕಾರ್ಪಣೆ: 2019ರ ಫೆಬ್ರವರಿ 3
• ಸಬ್‌ಸ್ಟೇಷನ್‌ಗಳು: ದ್ರಾಸ್, ಕಾರ್ಗಿಲ್, ಖಾಲ್ಸಿ, ಲೇಹ್

ಈ ನಾಲ್ಕೂ ಅನಿಲ-ನಿರೋಧಿತ (ಗ್ಯಾಸ್ ಇನ್ಸುಲೇಟೆಡ್) ಕೇಂದ್ರಗಳು. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ ಅದರ ನಿರೋಧಕ ಶಕ್ತಿ ಕುಗ್ಗುತ್ತದೆ. ಆದ್ದರಿಂದ ಉಪಕರಣಗಳನ್ನು ಅನಿಲ ತುಂಬಿದ ಕವಚದೊಳಗೆ ಇಡುತ್ತಾರೆ. ಇಷ್ಟು ಹೆಚ್ಚಿನ ವೋಲ್ಟೇಜ್ ಏಕೆ? ಅಷ್ಟೇ ವಿದ್ಯುತ್ತನ್ನು ಇಮ್ಮಡಿ ವೋಲ್ಟೇಜ್‌ನಲ್ಲಿ ಕಳಿಸಿದರೆ ಪ್ರವಾಹ ಅರ್ಧ, ತಂತಿಯಲ್ಲಿನ ನಷ್ಟ ಕಾಲುಭಾಗ.

ಗೊಂದಲ ಬೇಡ: ‘ಲಾ’ ಎಂದರೇ ಕಣಿವೆಮಾರ್ಗ, ‘ಜೋಜಿ ಲಾ ಪಾಸ್’ ದ್ವಿರುಕ್ತಿ. ಜೋಜಿ ಲಾ ಸುರಂಗ ರಸ್ತೆ ಯೋಜನೆ, ಅದೇ ಬೇರೆ. ಲೋಕಾರ್ಪಣೆಯ ದಿನ ಲಡಾಖ್ ಇನ್ನೂ ಜಮ್ಮು ಮತ್ತು ಕಾಶ್ಮೀರ ರಾಜ್ಯದಲ್ಲೇ ಇತ್ತು. ಕೇಂದ್ರಾಡಳಿತ ಪ್ರದೇಶವಾದದ್ದು 2019ರ ಅಕ್ಟೋಬರ್ 31ರಂದು.

ನಮ್ಮ ಪರೀಕ್ಷಾ ಅಭ್ಯರ್ಥಿಗಳು ಎರಡು ಜೋಡಣೆಗಳನ್ನು ಬೆರೆಸಿ ಎಡವುವುದು ಇಲ್ಲಿ: ಲಡಾಖ್ ರಾಷ್ಟ್ರೀಯ ಗ್ರಿಡ್‌ಗೆ ಸೇರಿದ್ದು ಶ್ರೀನಗರ–ಲೇಹ್ ಮಾರ್ಗದಿಂದ; ಆದರೆ ದಕ್ಷಿಣದ ಗ್ರಿಡ್ ರಾಷ್ಟ್ರೀಯ ಗ್ರಿಡ್‌ಗೆ ಜೋಡಣೆಯಾದದ್ದು 2013ರ ಡಿಸೆಂಬರ್ 31ರಂದು, 765 ಕಿಲೋವೋಲ್ಟ್ ರಾಯಚೂರು–ಸೊಲ್ಲಾಪುರ ಮಾರ್ಗದಿಂದ.