ಹಳೆಯ ಕಾರಿಗೆ ಬಣ್ಣ ಬಳಿಯುವ ಮುನ್ನ

ಮಕ್ಕಳೇ, ಇಲ್ಲಿ ಇಂಗ್ಲೆಂಡಿನಲ್ಲಿ 1948ರಿಂದ 1971ರವರೆಗೆ ತಯಾರಾದ ಮಾರಿಸ್ ಮೈನರ್ ಕಾರನ್ನು ನೀವು ಹಳೆಯ ಕಾರುಗಳ ಮೇಳದಲ್ಲಿ ನೋಡಿರಬಹುದು. ಅದರ ಹೊಳಪಿಗೆ ಮರುಳಾಗಬೇಡಿ. ಅಯಸ್ಕಾಂತವೊಂದನ್ನು ತೆಳು ಬಟ್ಟೆಯಲ್ಲಿ ಸುತ್ತಿ ಬಾಗಿಲ ಕೆಳಗಿನ ಪಟ್ಟಿಗೆ ಹಿಡಿಯಿರಿ (ಮಾಲೀಕರನ್ನು ಕೇಳಿಯೇ!). ಅಂಟದಿದ್ದರೆ ಅಲ್ಲಿ ದಪ್ಪನೆಯ ಪುಟ್ಟಿ ಇರಬೇಕು.

ಈ ಕಾರಿಗೆ ಬೇರೆ ಚೌಕಟ್ಟಿಲ್ಲ, ಮೈಯೇ ಭಾರ ಹೊರುತ್ತದೆ. ಆ ಪಟ್ಟಿಯ ಉಕ್ಕು ತಿಂದುಹೋದರೆ ಅದು ಅಂದದ ಮಾತಲ್ಲ, ಒಳಗೆ ಕೂತವರ ಪ್ರಾಣದ ಮಾತು. ಚಳಿಗಾಲದಲ್ಲಿ ರಸ್ತೆಗೆ ಎರಚುವ ಉಪ್ಪಿನಿಂದ ತುಕ್ಕು ಬೇಗ ಹಿಡಿಯುತ್ತದೆ. (ಕಬ್ಬಿಣಕ್ಕೆ ತುಕ್ಕು, ತಾಮ್ರ-ಹಿತ್ತಾಳೆಗೆ ಕಿಲುಬು. ಕನ್ನಡದಲ್ಲಿ ಎರಡಕ್ಕೂ ಬೇರೆ ಪದವಿದೆ, ನೆನಪಿಡಿ.)

ತುಕ್ಕಿನ ಮೇಲೆಯೇ ಪುಟ್ಟಿ ಮೆತ್ತಿದರೆ ಅದು ಒಳಗೊಳಗೇ ಹರಡಿ ಬಣ್ಣ ಗುಳ್ಳೆ ಏಳುತ್ತದೆ. ಕೆಟ್ಟ ಭಾಗವನ್ನು ಕತ್ತರಿಸಿ ತೆಗೆದು ಹೊಸ ತಗಡನ್ನು ಬೆಸುಗೆ ಹಾಕಬೇಕು. ಪುಟ್ಟಿ ಇರುವುದು ಸಣ್ಣ ತಗ್ಗುಗಳಿಗೆ. 2-3 ಮಿಲಿಮೀಟರ್ ಸಾಕು. ಅದು ನೀರು ಹೀರುವುದರಿಂದ ನೀರು ತಾಗಿಸದೆ ಉಜ್ಜಬೇಕು: ಮೊದಲು 80ರ ಕಾಗದ, ಆಮೇಲೆ 180. ಸಂಖ್ಯೆ ಹೆಚ್ಚಿದಷ್ಟೂ ಕಾಗದ ನುಣುಪು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ವಿಷ. ಉಜ್ಜುವಾಗ ಮಕ್ಕಳು ಹತ್ತಿರ ಸುಳಿಯಬಾರದು.

ಪ್ರೈಮರ್ ಹೊಡೆದ ಮೇಲೆ ಒಂದು ಸೊಗಸಾದ ಉಪಾಯವಿದೆ. ಕಪ್ಪು ಬಣ್ಣವನ್ನು ಮಂಜಿನಂತೆ ತೆಳ್ಳಗೆ ಸಿಂಪಡಿಸಿ, ಒಣಗಿದ ಬಳಿಕ 400ರ ಅಥವಾ 600ರ ವಾಟರ್ ಪೇಪರಿನಿಂದ ಉಜ್ಜುತ್ತಾರೆ. ಉಬ್ಬಿನ ಮೇಲಿನ ಕಪ್ಪು ಬೇಗ ಹೋಗುತ್ತದೆ, ತಗ್ಗಿನಲ್ಲಿ ಉಳಿಯುತ್ತದೆ. ಕಣ್ಣಿಗೆ ಕಾಣದ ತಗ್ಗು ಹೀಗೆ ಸಿಕ್ಕಿಬೀಳುತ್ತದೆ! ಅಲ್ಲಿಗೆ ಮತ್ತೆ ಪುಟ್ಟಿ, ಮತ್ತೆ ಪ್ರೈಮರ್. ಕಪ್ಪು ಎಲ್ಲೆಡೆ ಒಂದೇ ಸಮನೆ ಹೋದ ಮೇಲಷ್ಟೇ ಬಣ್ಣದ ಡಬ್ಬಿ ತೆರೆಯುವುದು.